ಹಿತ್ತಲ ಬಾಗಿಲಿಗೆ ಅನುದಾನವಿಲ್ಲ

ನಮ್ಮ ಊರಿನ ಹೊಳೆ ವಾರಕ್ಕೆ ಆರು ದಿನ ತನ್ನ ಪಾಡಿಗೆ ತಾನು ಊರ ಹೊರಗೆ ಹರಿಯುತ್ತದೆ. ಮಂಗಳವಾರ ಮಾತ್ರ ಹನ್ನೊಂದು ಗಂಟೆಯ ಸುಮಾರಿಗೆ ಅಲ್ಲಿಂದೆದ್ದು ಊರೊಳಗೆ ಬರುತ್ತದೆ. ಯಾವುದೋ ಒಂದು ಓಣಿ ಹಿಡಿದು, ಯಾವುದೋ ಒಂದು ಮನೆಯ ಮುಂಬಾಗಿಲಿನಿಂದ ಒಳಹೊಕ್ಕು, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂಜೆ ದೀಪ ಹಚ್ಚುವ ಹೊತ್ತಿಗೆ ತನ್ನ ಜಾಗಕ್ಕೆ ವಾಪಸಾಗುತ್ತದೆ. ಮೊಣಕಾಲ ಮಟ್ಟದ ನೀರು. ಒಂದು ವಾರಕ್ಕೆ ಒಂದೇ ಮನೆ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಅದರಲ್ಲೇನೂ ಇಲ್ಲ. ನಮ್ಮ ಮನೆಗಳ ಮುಂಬಾಗಿಲು, ಹಿತ್ತಲ ಬಾಗಿಲು ಒಂದೇ ನೇರಕ್ಕೆ ಇರುತ್ತವೆ, ಒಲೆಗಳು ಸೊಂಟದೆತ್ತರದ ಕಟ್ಟೆಯ ಮೇಲಿರುತ್ತವೆ, ಹೆಣ್ಣು ನೋಡಲು ಬರುವವರಿಗೆ ಮಂಗಳವಾರವೊಂದು ಬೇಡ ಎನ್ನುತ್ತೇವೆ, ಅಷ್ಟೆ. ಮುರಿಯಬಾರದ ನಿಯಮ ಒಂದೇ. ಹೊಳೆ ಹೊಕ್ಕ ಮನೆಯ ಹಿತ್ತಲ ಬಾಗಿಲು ತೆರೆದಿರಬೇಕು. ನಾನು ಹುಟ್ಟುವ ಮೊದಲು ಒಬ್ಬ ಅಕ್ಕಿ ವ್ಯಾಪಾರಿ ಹಿತ್ತಲ ಬಾಗಿಲಿಗೆ ಮೂಟೆ ಒಟ್ಟಿ ಭದ್ರ ಮಾಡಿದ್ದನಂತೆ. ಹೊಳೆ ಅವನ ಪಡಸಾಲೆಯಲ್ಲೇ ಕೂತುಬಿಟ್ಟಿತು. ನಲವತ್ತು ದಿನ. ಅತ್ತ ಊರ ಬಾವಿಗಳೆಲ್ಲ ತಳ ಕಂಡು, ಜನ ಅವನ ಕಿಟಕಿಯಿಂದ ಕೊಡ ಇಳಿಬಿಟ್ಟು ನೀರು ಸೇದಿಕೊಂಡರಂತೆ. ಆಮೇಲೆ ಗೋಡೆ ಕುಸಿಯಿತು. ಆ ಜಾಗದಲ್ಲಿ ಈಗ ಒಂದು ಜಾಲಿ ಗಿಡ ಇದೆ.

ಹೊಳೆ ಯಾವ ಮನೆಗೆ ಬರುತ್ತದೆಂದು ಮುಂಚೆಯೇ ಹೇಳುತ್ತಿದ್ದವಳು ಫಕೀರವ್ವ. ಸೋಮವಾರ ಮಧ್ಯಾಹ್ನ ಬರಿಗಾಲಲ್ಲಿ ಓಣಿ ಓಣಿ ಸುತ್ತಿ, ಒಂದೊಂದು ಮನೆಯನ್ನೂ ಮೂಸಿ, ನಾಲ್ಕು ಗಂಟೆಗೆ ನಡುಪೇಟೆಯ ಕಟ್ಟೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾರುತ್ತಿದ್ದಳು. "ಕೇಳ್ರೆಪ್ಪೋ! ನಾಳಿ ಹೊಳಿ ಗಾಣಿಗೇರ ಓಣಿಗೆ ಬರತೈತಿ, ಮೂರನೇ ಮನಿಗೆ! ಬಾಗಲಾ ತಗದಿಡ್ರಿ!" ಆಮೇಲೆ ಓಣಿಯವರೆಲ್ಲ ಸೇರಿ ಆ ಮನೆಯ ಕಾಳು, ಹಾಸಿಗೆ, ಟ್ರಂಕು, ತೊಟ್ಟಿಲು ಎಲ್ಲವನ್ನೂ ಕತ್ತಲಾಗುವುದರೊಳಗೆ ಎತ್ತಿಡುತ್ತಿದ್ದರು. ಹೊಳೆ ಸಾರುವವಳಿಗೆ ಸ್ವಂತ ಮನೆ ಇರುವಂತಿಲ್ಲ. ಫಕೀರವ್ವ ಒಂದು ಕೌದಿ, ಒಂದು ತಂಬಿಗೆ ಹಿಡಿದು ಪ್ರತಿ ರವಿವಾರ ಮನೆ ಬದಲಿಸುತ್ತಿದ್ದಳು. ಪಾಳಿಯ ಪ್ರಕಾರ ವಾರಕ್ಕೊಂದು ಮನೆಯಲ್ಲಿ ಉಂಡು ಮಲಗುತ್ತಿದ್ದಳು. ಅರವತ್ತು ವರ್ಷ ಹಾಗೆ ಬದುಕಿದ್ದಾಳೆ. ಯಾಕೆ ಹಾಗೆ ಎಂದು ಅವಳನ್ನು ಕೇಳಬೇಕೆಂದು ನನಗೂ ಎಂದೂ ಅನ್ನಿಸಿರಲಿಲ್ಲ.

ನಾನು ನೀಲಾಂಬಿಕೆ. ಪುರಸಭೆಯ ಎದುರು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟವಳು. ಊರಿನ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗಬೇಕು. ಮದುವೆ ಆಗಲಿಲ್ಲ, ಆಗಲಿಲ್ಲವೆಂದು ಮರುಗಲೂ ಇಲ್ಲ. ಇಪ್ಪತ್ತೆರಡು ವರ್ಷ ಕುಟ್ಟಿದ ಅಕ್ಷರಗಳಿಂದ ಅಂಗಡಿಯ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿಕೊಂಡೆ. ಕೆಂಪು ಗಾರೆ ನೆಲ. ಅದನ್ನು ಮಾಡಿಕೊಟ್ಟ ಗೌಂಡಿ ಇಮಾಮಸಾಬ ಮೂರು ದಿನ ಅಂಗೈಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಬೇಸಿಗೆಯಲ್ಲಿ ಅದರ ಮೇಲೆ ಕೆನ್ನೆಯಿಟ್ಟು ಮಲಗುವ ಸುಖ ಇನ್ಯಾವುದರಲ್ಲೂ ಇಲ್ಲ. ಆ ಮನೆಯ ಮೇಲೆ ನನಗೆ ಎಷ್ಟು ಜೀವವಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ತಪ್ಪುಗಳೆಲ್ಲ ಅದರಿಂದಲೇ ಆದವು.

ಹೋದ ವರ್ಷ ಫಕೀರವ್ವ ಒಂದು ಸಲ ತಪ್ಪಿದಳು. ಅವಳು ಹೇಳಿದ ಮನೆ ಬಿಟ್ಟು ಹೊಳೆ ಪಕ್ಕದ ಓಣಿಗೆ ಹೋಯಿತು. ಮಾರನೆಯ ದಿನ ನನ್ನ ಅಂಗಡಿಗೆ ಬಂದು ಬಾಗಿಲಲ್ಲೇ ಕೂತಳು. "ಮೂಗು ಸೋಲಾಕತ್ತೈತಿ ನೀಲವ್ವ. ಯಾರಿಗಾದರೂ ಕಲಿಸಬೇಕು. ಯಾರ ಮನಿಗೆ ಹೋಗಿ ಕೇಳಿದ್ರೂ ಮಕ್ಕಳನ್ನ ಒಳಗ ಕರಕೋತಾರ." ಕರೆದುಕೊಳ್ಳದೆ ಇನ್ನೇನು? ಮನೆಯಿಲ್ಲದ ಕೆಲಸಕ್ಕೆ ಯಾವ ತಾಯಿ ತನ್ನ ಮಕ್ಕಳನ್ನು ಕಳಿಸುತ್ತಾಳೆ? ಸಂಬಳ ಅಂತ ಒಂದಿದ್ದರೆ ಯಾರಾದರೂ ಬರಬಹುದು ಎಂದು ನನಗನ್ನಿಸಿತು. ಅದೇ ವಾರ ಪತ್ರಿಕೆಯ ಒಳಪುಟದಲ್ಲಿ ಒಂದು ಪ್ರಕಟಣೆ ಕಂಡೆ. ‘ಪರಿಸರ ಮತ್ತು ಮಾನವಿಕ ಯೋಜನೆಗಳಿಗೆ ಅನುದಾನ.’ ನೆಲ ನೀರು ಮತ್ತು ಅದರ ಜೊತೆ ಬದುಕುವ ಜನರ ಮಾತು, ನೆನಪು, ತಿಳಿವಳಿಕೆಯನ್ನು ಉಳಿಸುವವರಿಗೆ ದೂರದ ನಗರದ ಒಂದು ಪ್ರತಿಷ್ಠಾನ ಹಣ ಕೊಡುತ್ತದಂತೆ. ನಮಗೆಂದೇ ಅಚ್ಚು ಹಾಕಿಸಿದ ಹಾಗಿತ್ತು.

ಹನ್ನೆರಡು ಪುಟದ ಅರ್ಜಿ. ಮೂರನೇ ಪುಟದಲ್ಲಿ ‘ಸಮಸ್ಯೆ’ ಎಂದು ಒಂದು ದೊಡ್ಡ ಚೌಕ. ನಾನು ಖಾಲಿ ಬಿಟ್ಟೆ. ಅರ್ಜಿ ವಾಪಸು ಬಂತು. ‘ಸಮಸ್ಯೆ ಇಲ್ಲ’ ಎಂದು ಬರೆದೆ. ಮತ್ತೆ ವಾಪಸು. ಅವರ ಕಚೇರಿಯ ಹುಡುಗಿಯೊಬ್ಬಳು ಫೋನ್ ಮಾಡಿ, "ಮೇಡಂ, ವಾರವಾರ ಮನೆಯೊಳಗೆ ನೀರು ನುಗ್ಗುತ್ತಲ್ಲ, ಅದನ್ನೇ ಸಮಸ್ಯೆ ಅಂತ ಹಾಕಿಬಿಡಿ" ಅಂದಳು. "ನಿಮ್ಮ ಮನಿಗೆ ನಿಮ್ಮವ್ವ ಬಂದ್ರ ಸಮಸ್ಯೆ ಅಂತೀರೇನವಾ?" ಎಂದೆ. ಅವಳು ಪಾಪ ನಕ್ಕಳು. ಕೊನೆಗೆ ‘ಫಕೀರವ್ವನಿಗೆ ವಯಸ್ಸಾಗಿದೆ, ಕಲಿಯುವವರಿಲ್ಲ’ ಎಂದು ಬರೆದೆ. ಕೇಳಿದ್ದು ಒಂದೇ: ಕಲಿಯುವ ಒಬ್ಬರಿಗೆ ಮೂರು ವರ್ಷದ ಸಂಬಳ.

ಆರು ತಿಂಗಳಿಗೆ ಮಂಜೂರಾಗಿ ಬಂತು. ಒಬ್ಬ ಅಧಿಕಾರಿ ಮಂಜೂರಾಗಿದ್ದ. ಅವನಿಗೊಂದು ಕಚೇರಿ, ಎ.ಸಿ., ಎರಡು ಕಾರ್ಯಾಗಾರ, ದಪ್ಪ ಕಾಗದದ ಮೇಲೆ ಬಣ್ಣದ ಚಿತ್ರಗಳ ಒಂದು ಪುಸ್ತಕ, ಎಲ್ಲ ಮಂಜೂರಾಗಿದ್ದವು. ಫಕೀರವ್ವ ‘ಸಂಪನ್ಮೂಲ ವ್ಯಕ್ತಿ’, ಅವಳಿಗೆ ಗೌರವಧನ. ನಾನು ‘ದತ್ತಾಂಶ ಸಹಾಯಕಿ’, ಅವಳು ಹೇಳಿದ್ದನ್ನು ಟೈಪ್ ಮಾಡಬೇಕು, ತಿಂಗಳ ಸಂಬಳ. ಕಲಿಯುವವರ ಸಂಬಳವನ್ನು ‘ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು’. ಬೇಡ ಎಂದು ಅಂದೇ ಹರಿದು ಹಾಕಬೇಕಿತ್ತು. ಮುಂದಿನ ಹಂತ ಎಂಬ ಮಾತಿಗೆ ಮರುಳಾದೆ.

ಹೊಳೆಗೆ ಸಂಬಂಧಪಟ್ಟ ಕಾಗದವನ್ನು ನಮ್ಮಲ್ಲಿ ಹೊಳೆಯಲ್ಲಿ ನಿಂತೇ ಓದಿ ಸಹಿ ಮಾಡಬೇಕು. ಅದು ಕೇಳಿಸಿಕೊಳ್ಳದ ಕಾಗದಕ್ಕೆ ಬೆಲೆಯಿಲ್ಲ. ಆ ಮಂಗಳವಾರ ಹೊಳೆ ಕಂಬಾರ ಓಣಿಯ ಒಂದು ಮನೆಗೆ ಬಂದಿತ್ತು. ಅವರ ಪಡಸಾಲೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನಾನು ಕರಾರು ಪತ್ರ ಗಟ್ಟಿಯಾಗಿ ಓದಿದೆ. ಊರವರೆಲ್ಲ ಸೀರೆ, ಧೋತರ ಎತ್ತಿ ಕಟ್ಟಿಕೊಂಡು ಕೇಳಿದರು. ಹದಿಮೂರನೇ ಕಲಮು ಓದುವಾಗ ಕಾಲು ಜಾರಿ ಕೊನೆಯ ಪುಟದ ಕೆಳಭಾಗ ನೀರಿಗೆ ಅದ್ದಿತು. ಸಣ್ಣ ಅಕ್ಷರ ಕಲಸಿ ನೀಲಿಯಾಯಿತು. "ಅದೇನು ಇರತೈತಿ, ಇಂತಿ ನಿಮ್ಮ ವಿಶ್ವಾಸಿ ಅಂತ ಇರತೈತಿ," ಎಂದರು ಯಾರೋ. ನಾನೂ ಹೂಂ ಅಂದೆ. ಫಕೀರವ್ವ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ಇಡೀ ಊರಿನ ಅರ್ಜಿ ಓದುವವಳು ನನ್ನ ಸ್ವಂತ ಕರಾರಿನ ಕೊನೆಯ ಕಲಮನ್ನು ಓದಲಿಲ್ಲ.

ಅಧಿಕಾರಿಯ ಹೆಸರು ಸುಧನ್ವ. ಮೂವತ್ತರ ಒಳಗಿನ ವಯಸ್ಸು, ಮೆತ್ತಗಿನ ಮಾತು, ಕೆಟ್ಟವನಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಡಾಕ್ಟರು ಬಿಟ್ಟುಹೋದ ಮನೆಯನ್ನು ಬಾಡಿಗೆ ಹಿಡಿದ. ಎ.ಸಿ.ಯ ತಂಪು ಹೊರಗೆ ಹೋಗುತ್ತದೆಂದು ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಲು ಹೊರಟ. ಇಮಾಮಸಾಬ ಕರಣೆ ಎತ್ತಿಟ್ಟುಕೊಂಡು, "ಸಾಹೇಬ್ರ, ಬ್ಯಾರೆ ಏನು ಹೇಳಿದ್ರೂ ಮಾಡ್ತೇನಿ. ಹಿತ್ತಲ ಬಾಗಲಾ ನಾ ಮುಚ್ಚೂದಿಲ್ಲ, ನನ್ನ ಮಗನೂ ಮುಚ್ಚೂದಿಲ್ಲ" ಎಂದು ಎದ್ದುಹೋದ. ಸುಧನ್ವ ಹೊರಗಿನಿಂದ ಕೆಲಸಗಾರರನ್ನು ಕರೆಸಿ ಕಟ್ಟಿಸಿ, ಅದರ ಮುಂದೆ ಗಾಜಿನ ಕಪಾಟು ನಿಲ್ಲಿಸಿದ. ನಾನು ಬೇಡವೆಂದೆ. "ಊರಲ್ಲಿ ಆರುನೂರು ಮನೆ ಇದೆ ಮೇಡಂ. ಇಲ್ಲಿಗೇ ಬರೋ ಸಾಧ್ಯತೆ ಎಷ್ಟು ಹೇಳಿ?" ಎಂದ. ಸಂಬಳದ ಬಾಯಿ ನನ್ನದು, ಸುಮ್ಮನಾಯಿತು.

ಫಕೀರವ್ವ ದಿನಾ ಮಧ್ಯಾಹ್ನ ಬಂದು ಹೇಳುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ಒಂದು ದಿನ ಕೇಳಿದೆ, "ಆಯಿ, ಹೊಳಿ ಬರೋ ಮನಿ ಮುಂದ ಎಂಥ ವಾಸನಿ ಇರತೈತಿ? ನೀರಿಂದೋ, ಕೆಸರಿಂದೋ?" ಅವಳು ಎಲೆ ಅಡಿಕೆ ಉಗಿದು ಬಂದು ಹೇಳಿದಳು. "ಯಾವ ವಾಸನಿನೂ ಇರೂದಿಲ್ಲ. ಅದ ಗುರುತು. ಒಳಗ ಉಳ್ಳಾಗಡ್ಡಿ ಹುರೀತಿರತಾರ, ಕಣ್ಣಾಗ ನೀರು ಬರತೈತಿ, ಮೂಗಿಗೆ ಮಾತ್ರ ಏನೂ ಇಲ್ಲ. ಹೊಳಿ ತಾ ಬರೂಕಿಂತ ಮೊದಲ ಮನಿ ತೊಳದು ಇಟ್ಟಿರತೈತಿ." ಹಾಗಾದರೆ ಮನೆಯವರಿಗೇ ಯಾಕೆ ತಿಳಿಯುವುದಿಲ್ಲ ಎಂದೆ. "ನಿನ್ನ ಮನಿ ವಾಸನಿ ಹೆಂಗೈತಿ ಹೇಳು ನೋಡೂಣು?" ಎಂದಳು. ನನಗೆ ಹೇಳಲಾಗಲಿಲ್ಲ. "ತಮ್ಮ ಮನಿ ವಾಸನಿ ತಮಗ ತಿಳಿಯೂದಿಲ್ಲ. ಎಂಟು ದಿನದ ಮ್ಯಾಲೆ ಒಂದ ಮನ್ಯಾಗ ಇದ್ರ ಮೂಗು ಅದಕ್ಕ ಒಗ್ಗಿ ಮೊಂಡ ಆಗತೈತಿ. ಅದಕ್ಕ ನನಗ ಮನಿ ಇಲ್ಲ." ನಾನು ಅದನ್ನು ಟೈಪ್ ಮಾಡಿದೆ. ಪುಟ ಎಂಬತ್ತೊಂದು.

ಆ ದಿನದಿಂದ ನನ್ನ ಮೂಗು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಓಣಿಯಲ್ಲಿ ಹೋಗುವಾಗ ಪ್ರತಿ ಮನೆಯನ್ನೂ ಮೂಸುವುದು ಚಾಳಿಯಾಯಿತು. ಇದು ಒಗ್ಗರಣೆ, ಇದು ಕೂಸಿನ ಎಣ್ಣೆ, ಇದು ಮುದುಕನ ಬೀಡಿ. ಒಂದು ಸೋಮವಾರ ನೇಕಾರ ಕಮಲಾಬಾಯಿಯ ಮನೆ ದಾಟುವಾಗ ಏನೂ ಬರಲಿಲ್ಲ. ನಾನು ನಿಂತೆ. ಅವಳು ಮಗ್ಗದ ನೂಲಿಗೆ ಗಂಜಿ ಹಚ್ಚುತ್ತಿದ್ದಳು, ಹುಳಿ ಗಂಜಿ, ಅದರ ನಾತ ಓಣಿಯ ತುದಿಗೆ ಬಡಿಯಬೇಕು. ಏನೇನೂ ಇಲ್ಲ. ಆ ಸಂಜೆ ಫಕೀರವ್ವ ಬೇರೆ ಮನೆ ಸಾರಿದಳು. ನಾನು ಕಟ್ಟೆಯ ಕೆಳಗೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಹೇಳಿದರೆ ಆ ಕೆಲಸ ನನ್ನ ಕೊರಳಿಗೆ ಬೀಳುತ್ತದೆ, ಕೆಂಪು ನೆಲ ಹೋಗುತ್ತದೆ ಎಂದು ಹೆದರಿದೆ. ಮರುದಿನ ಹೊಳೆ ಅಲ್ಲಿಗೇ ಬಂತು. ಕಮಲಾಬಾಯಿ ಬಾಗಿಲೇನೋ ತೆಗೆದಳು, ಮಗ್ಗ ಎತ್ತಿರಲಿಲ್ಲ. ಮದುವೆಯೊಂದರ ಹನ್ನೆರಡು ಸೀರೆಗೆಂದು ಹಾಸು ಹೂಡಿದ್ದ ನೂಲೆಲ್ಲ ಕೆಸರಾಯಿತು. ಊರು ಫಕೀರವ್ವನ ವಯಸ್ಸಿನ ಬಗ್ಗೆ ಮಾತಾಡಿತು. ನಾನು ಅದನ್ನೂ ಕೇಳಿಸಿಕೊಂಡೆ.

ಮುಂದಿನ ತಿಂಗಳು ಪಾಳಿಯಂತೆ ಫಕೀರವ್ವ ನನ್ನ ಮನೆಗೆ ಬಂದಳು, ಬಂದವಳೇ ಜ್ವರ ನೆಗಡಿ ಹಿಡಿದು ಮಲಗಿದಳು. ಸೋಮವಾರ ಬೆಳಿಗ್ಗೆ ಸುಧನ್ವ ಒಂದು ಪತ್ರ ಹಿಡಿದು ಬಂದ. ಪ್ರತಿಷ್ಠಾನದ ದೊಡ್ಡವರು ಕ್ಯಾಮೆರಾದವರ ಜೊತೆ ಮಂಗಳವಾರ ಬರುತ್ತಾರೆ. ಸಾರುವುದನ್ನು ಅವರ ಮುಂದೆಯೇ ಮಾಡಬೇಕು. ಆದ್ದರಿಂದ ಈ ಸೋಮವಾರ ಸಾರುವುದು ಬೇಡ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಶಾಮಿಯಾನದ ಕೆಳಗೆ, ಮೈಕಿನಲ್ಲಿ. "ಹನ್ನೊಂದಕ್ಕ ಹೊಳಿ ಬರತೈತಿ. ಒಂದು ತಾಸಿನ್ಯಾಗ ಒಂದು ಮನಿ ಖಾಲಿ ಆಗತೈತೇನ್ರೀ?" ಎಂದೆ. ಅವನು ಕರಾರು ಪತ್ರದ ತನ್ನ ಪ್ರತಿಯನ್ನು ಮುಂದಿಟ್ಟ. ಅದು ನೀರಿಗೆ ಅದ್ದದ ಪ್ರತಿ. ಹದಿನಾಲ್ಕನೇ ಕಲಮು ಸ್ಪಷ್ಟವಾಗಿತ್ತು. ಯೋಜನೆಯಿಂದ ಹಣ ಪಡೆಯುವ ಯಾರೂ ಯೋಜನೆಗೆ ಸಂಬಂಧಿಸಿದ ತಿಳಿವಳಿಕೆಯನ್ನು ಪ್ರತಿಷ್ಠಾನದ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸತಕ್ಕದ್ದಲ್ಲ. "ಇಷ್ಟು ದಿನ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಈ ಒಂದು ವಾರ ದಯವಿಟ್ಟು ಸಹಕರಿಸಿ. ಮುಂದಿನ ಹಂತ ಇದರ ಮೇಲೇ ನಿಂತಿದೆ," ಎಂದ.

ಅವನು ಹೋದ ಮೇಲೆ ಫಕೀರವ್ವ ಕೌದಿಯೊಳಗಿಂದ ಮುಖ ತೆಗೆದಳು. "ನನ್ನ ಮೂಗು ಮುಚ್ಚೈತಿ. ನೀ ಒಂದು ಸುತ್ತು ಹಾಕಿ ಬಾ."

"ನನಗೆಲ್ಲಿ ತಿಳೀತೈತಿ ಆಯಿ? ಟೋನರ್ ಪುಡಿ ಕುಡದ ಮೂಗು ನನ್ನದು."

"ತಿಳಿಯೂದಿಲ್ಲ ಅಂತ ಅಲ್ಲ. ತಿಳಿದ್ರ ಏನು ಗತಿ ಅಂತ ಅಂಜೀದಿ ನೀ," ಎಂದು ಮತ್ತೆ ಮುಖ ಮುಚ್ಚಿಕೊಂಡಳು. ಕಮಲಾಬಾಯಿಯ ಮನೆಯ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

ಮೂರು ಗಂಟೆಗೆ ಟೈಪ್ ಮಾಡಿದ ಪುಟಗಳನ್ನು ಕೊಡುವ ನೆಪ ಮಾಡಿ, ಜಗಳ ಆಡುವ ಮನಸ್ಸಿನಿಂದಲೇ ಸುಧನ್ವನ ಕಚೇರಿಗೆ ಹೋದೆ. ದೊಡ್ಡವರು ಬರುತ್ತಾರೆಂದು ಅವನು ಗೋಡೆಗೆ ಬಣ್ಣ ಹೊಡೆಸಿದ್ದ, ಇನ್ನೂ ಹಸಿ. ಮೂಲೆಯಲ್ಲಿ ಊದಿನಕಡ್ಡಿ. ಕೈಯಲ್ಲಿ ಡಬ್ಬಿ ಹಿಡಿದು ನಿಂಬೆಯ ಸುಗಂಧ ಸಿಂಪಡಿಸುತ್ತಿದ್ದ. ನನಗೆ ಕಾಫಿ ಕೊಟ್ಟ. ಲೋಟ ತುಟಿಯ ಹತ್ತಿರ ತಂದವಳು ಹಾಗೇ ನಿಂತೆ. ಕಾಫಿಯ ವಾಸನೆ ಇಲ್ಲ. ಹಸಿ ಬಣ್ಣದ್ದಿಲ್ಲ, ಊದಿನಕಡ್ಡಿಯದ್ದಿಲ್ಲ. ಲೋಟ ಹಿಡಿದೇ ಹೊರಗೆ ಬಂದೆ. ಪೇಟೆಯ ಒಣಮೆಣಸಿನ ಘಾಟಿಗೆ ಎರಡು ಸಲ ಸೀನಿದೆ. ಮತ್ತೆ ಒಳಗೆ ಬಂದೆ. ಏನೂ ಇಲ್ಲ. ತೊಳೆದಿಟ್ಟ ಮನೆ.

"ನಾಳಿ ಹೊಳಿ ಇಲ್ಲಿಗೇ ಬರತೈತ್ರಿ," ಎಂದೆ.

ಅವನು ಮೊದಲು ನಕ್ಕ, ಆಮೇಲೆ ಬಿಳಿಚಿಕೊಂಡ, ಆಮೇಲೆ ಅವನ ಮುಖ ಬೆಳಗಿತು. "ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ ಮೇಡಂ! ನಮ್ಮ ಆಫೀಸಿಗೇ ಬಂದ್ರೆ ವಿಡಿಯೋ ತುಂಬಾ ಚೆನ್ನಾಗಿ ಬರುತ್ತೆ. ಯಾರಿಗೂ ಹೇಳಬೇಡಿ."

"ಹಿತ್ತಲ ಬಾಗಲಾ ಗ್ವಾಡಿ ಆಗೇತಲ್ರೀ?"

"ಒಂದು ದಿನದ ಮಾತು. ಪಂಪ್ ತರಿಸಿ ನೀರು ಹೊರಗೆ ಹಾಕಿಸ್ತೀನಿ."

ನಾನು ಕಾಫಿಯನ್ನು ಮೇಜಿನ ಮೇಲಿಟ್ಟು ಹೊರಟೆ. ಮೆಣಸಿನಕಾಯಿ ಪೇಟೆಯಿಂದ ನಡುಪೇಟೆಯ ಕಟ್ಟೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆಯಲ್ಲಿ ನನ್ನ ಮನೆಯ ಕೆಂಪು ನೆಲವನ್ನು ಎಷ್ಟು ಸಲ ನೆನೆಸಿಕೊಂಡೆನೋ. ಕಟ್ಟೆ ಹತ್ತುವಾಗ ಚಪ್ಪಲಿ ಬಿಟ್ಟೆ. ಸೋಮವಾರ ನಾಲ್ಕಕ್ಕೆ ಅಲ್ಲಿ ಸೇರುವ ಜನ ಸೇರಿದ್ದರು, ಫಕೀರವ್ವನಿಗಾಗಿ ಕಾಯುತ್ತಿದ್ದರು. ನನ್ನನ್ನು ನೋಡಿ, ಇವಳು ಯಾಕೆ ಹತ್ತಿದಳು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಧನ್ವ ಓಡಿ ಬರುತ್ತಿದ್ದ. "ಮೇಡಂ, ಹದಿನಾಲ್ಕನೇ ಕಲಮು! ಸಹಿ ಮಾಡಿದ್ದೀರಿ!"

"ಮಾಡೇನಿ!" ಎಂದು ಅಲ್ಲಿಂದಲೇ ಕೂಗಿದೆ. "ಓದದ ಮಾಡೇನಿ. ಈಗ ಓದಿ ಮುರೀತೇನಿ!" ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡೆ, ತಾನಾಗಿಯೇ ಹೋಯಿತು ಕೈ. "ಕೇಳ್ರೆಪ್ಪೋ! ನಾಳಿ ಹೊಳಿ ಮೆಣಸಿನಕಾಯಿ ಪ್ಯಾಟಿಗೆ ಬರತೈತಿ! ಡಾಕ್ಟರ ಮನಿಗೆ! ಹಿತ್ತಲ ಬಾಗಲಾ ತಗೀರಿ!" ಜನ ಗುಜುಗುಜು ಎಂದರು. ಅಲ್ಲಿ ಹಿತ್ತಲ ಬಾಗಿಲೇ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಇವಳ ಮಾತು ನಂಬಿ ಒಬ್ಬರ ಗೋಡೆ ಒಡೆಯುವುದು ಹೇಗೆ ಎಂದರು. ಆಗ ಹೇಳಲೇಬೇಕಾಯಿತು. "ಕಮಲಾಬಾಯಿ, ಹ್ವಾದ ತಿಂಗಳ ನಿಮ್ಮ ಮನಿ ಮುಂದೂ ನನಗ ವಾಸನಿ ಬಂದಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ನಿಮ್ಮ ನೂಲು ಹಾಳಾಗಿದ್ದು ನನ್ನಿಂದ. ಫಕೀರವ್ವನಿಂದ ಅಲ್ಲ."

ಕಮಲಾಬಾಯಿ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅದನ್ನ ಆಮ್ಯಾಲೆ ಆಡೂಣು, ನಿನ್ನ ಬಿಡೂದಿಲ್ಲ ನಾ," ಎಂದಳು. "ಮೊದಲ ಗ್ವಾಡಿ. ಇಮಾಮಣ್ಣ, ಹಾರಿ ತಗೊಂಡು ಬಾ."

ನಾವು ಡಾಕ್ಟರ ಮನೆ ಮುಟ್ಟುವಷ್ಟರಲ್ಲಿ ಸುಧನ್ವ ಇಟ್ಟಿಗೆ ಗೋಡೆಯ ಮುಂದಿನ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ. "ಈ ಗೋಡೆ ಪ್ರತಿಷ್ಠಾನದ ಖರ್ಚಿನಲ್ಲಿ ಕಟ್ಟಿದ್ದು. ಮುಟ್ಟಿದ್ರೆ ಅನುದಾನ ರದ್ದಾಗುತ್ತೆ. ಮುಂದಿನ ಹಂತ ಇರಲ್ಲ, ಕಲಿಯೋರಿಗೆ ಸಂಬಳ ಇರಲ್ಲ. ಯೋಚನೆ ಮಾಡಿ!" ಎಂದ. ಅವನ ದನಿ ಅಳುವಂತಾಗಿತ್ತು.

"ಕಲಿಯೋರು ಸಿಕ್ಕಾರ್ರಿ. ಸಂಬಳ ನೀವ ಇಟ್ಕೋರಿ," ಎಂದೆ. "ಸರೀರಿ ಸಾಹೇಬ್ರ, ಇಟ್ಟಂಗಿ ಕಾಲ ಮ್ಯಾಲೆ ಬಿದ್ದೀತು," ಎಂದ ಇಮಾಮಸಾಬ. ಎಂಟು ಜನ ಗಾಜಿನ ಕಪಾಟನ್ನು ಎತ್ತಿ ಬದಿಗಿಟ್ಟರು, ಒಂದು ಗಾಜೂ ಒಡೆಯಲಿಲ್ಲ. ಹಾರೆ ಹೊಡೆದದ್ದು ಇಮಾಮಸಾಬ, ಇಟ್ಟಿಗೆ ಕಿತ್ತದ್ದು ಕಮಲಾಬಾಯಿ ಮತ್ತು ನಾನು. ಹೊತ್ತು ಮುಳುಗುವುದರೊಳಗೆ ಹಿತ್ತಲಿನ ಬೆಳಕು ಒಳಗೆ ಬಂತು. ಆಗ ಸುಧನ್ವ ಯಾರೂ ಹೇಳದೆಯೇ ಕಂಪ್ಯೂಟರನ್ನು ಅಟ್ಟದ ಮೇಲೆ ಎತ್ತಿಡತೊಡಗಿದ.

ಆ ರಾತ್ರಿ ನಾನು ತಪ್ಪಿದ್ದರೆ ಎಂಬ ಯೋಚನೆಯಲ್ಲಿ ಕಣ್ಣು ಮುಚ್ಚಲಿಲ್ಲ. ಮಂಗಳವಾರ ಹನ್ನೊಂದಕ್ಕೆ ಹೊಳೆ ಮೆಣಸಿನಕಾಯಿ ಪೇಟೆಯ ತಿರುವಿನಲ್ಲಿ ಕಾಣಿಸಿತು, ಡಾಕ್ಟರ ಮನೆಯ ಮೆಟ್ಟಿಲು ಹತ್ತಿತು, ಒಡೆದ ಗೋಡೆಯ ಮೂಲಕ ಹಿತ್ತಲಿಗೆ ಇಳಿದು ಹೋಯಿತು. ನನಗೆ ಅಳು ಬಂತು, ಎಲ್ಲರ ಎದುರು ಅತ್ತೆ. ಪ್ರತಿಷ್ಠಾನದ ದೊಡ್ಡವರು ಬೂಟು ಕೈಯಲ್ಲಿ ಹಿಡಿದು ಎದುರಿನ ಅಂಗಡಿಯ ಬೆಂಚಿನ ಮೇಲೆ ನಿಂತಿದ್ದರು. ಅವರಲ್ಲೊಬ್ಬರು ಕೇಳಿದರು. "ನಿನ್ನೆ ಸಾರಿದಿರಂತಲ್ಲ, ಕ್ಯಾಮೆರಾಗೋಸ್ಕರ ಅದನ್ನ ಇನ್ನೊಂದು ಸಲ ಮಾಡ್ತೀರಾ?" ಮುಂದಿನ ಸೋಮವಾರ ಬನ್ನಿ ಎಂದೆ.

ಅನುದಾನ ರದ್ದಾಯಿತು. ಮುಂದಿನ ರವಿವಾರ ನಾನು ಒಂದು ಕೌದಿ, ಒಂದು ತಂಬಿಗೆ ತೆಗೆದುಕೊಂಡು ಇಮಾಮಸಾಬನ ಮನೆಗೆ ಹೋದೆ. ನನ್ನ ಮನೆಯ ಎರಡು ಕೋಣೆಯಲ್ಲಿ ಕಮಲಾಬಾಯಿ ತನ್ನ ಎರಡನೇ ಮಗ್ಗ ಹೂಡಿದ್ದಾಳೆ. ಅದು ನಾನು ಕೊಟ್ಟದ್ದಲ್ಲ, ಅವಳು ಜಗಳಾಡಿ ಪಡೆದದ್ದು, ಹಾಗೆಯೇ ಇರಲಿ. ಅಂಗಡಿಯ ಯಂತ್ರಗಳು ಈಗ ಒಂದು ತಳ್ಳುಗಾಡಿಯ ಮೇಲಿವೆ, ವಾರಕ್ಕೊಂದು ಓಣಿ. ನನ್ನ ಅಡುಗೆಮನೆಯಲ್ಲಿ ಫಕೀರವ್ವ ಇದ್ದಾಳೆ. ಅರವತ್ತು ವರ್ಷದಲ್ಲಿ ಮೊದಲ ಸಲ ಒಂದೇ ಸೂರಿನಡಿ ತಿಂಗಳು ಕಳೆದಿದ್ದಾಳೆ. ಹೋದಾಗಲೆಲ್ಲ ಕೆಂಪು ನೆಲದ ಮೇಲೆ ಕಾಲು ಚಾಚಿ ಕೂತಿರುತ್ತಾಳೆ. "ನೀಲವ್ವ, ನನ್ನ ಮನಿ ವಾಸನಿ ಹೆಂಗೈತಿ?" ಎಂದು ಕೇಳುತ್ತಾಳೆ. ಗಂಜಿ, ಎಲೆ ಅಡಿಕೆ, ಸೀಮೆಎಣ್ಣೆ ಎಂದು ಹೇಳುತ್ತೇನೆ. ಅವಳು ಹಲ್ಲಿಲ್ಲದ ಬಾಯಿ ತುಂಬ ನಗುತ್ತಾಳೆ, ತನಗೆ ತಿಳಿಯುತ್ತಿಲ್ಲವಲ್ಲ ಎಂಬ ಸಂತೋಷಕ್ಕೆ.

ಮೊನ್ನೆ ಪ್ರತಿಷ್ಠಾನದಿಂದ ನೋಟಿಸು ಬಂತು. ಕರಾರು ಮುರಿದದ್ದಕ್ಕೆ, ಗೋಡೆ ಒಡೆದದ್ದಕ್ಕೆ ವಿವರಣೆ ಕೊಡಬೇಕಂತೆ. ಜೊತೆಗೆ ಒಂದು ಫಾರಂ. ಈ ಸಲ ಒಂದಕ್ಷರ ಬಿಡದೆ ಓದಿದೆ, ಒಣ ನೆಲದ ಮೇಲೆ ಕೂತು. ‘ಸಮಸ್ಯೆ’ ಎಂಬ ಚೌಕದಲ್ಲಿ, ಈಗ ಇಲ್ಲ ಎಂದು ಬರೆದೆ. ‘ಕಾಯಂ ವಿಳಾಸ’ ಎಂಬ ಚೌಕದ ಮುಂದೆ ಸ್ವಲ್ಪ ಹೊತ್ತು ಕೈ ನಿಂತಿತು. ಮನೆ ಕಟ್ಟಿಸಿದಂದಿನಿಂದ ನನ್ನ ಎಲ್ಲ ಅರ್ಜಿಗಳಲ್ಲೂ ಹೆಮ್ಮೆಯಿಂದ ತುಂಬಿದ ಚೌಕ ಅದು. ಆಮೇಲೆ ಟೈಪ್ ಮಾಡಿದೆ. ಕಾಯಂ ವಿಳಾಸ ಇಲ್ಲ. ಸೋಮವಾರ ನಾಲ್ಕು ಗಂಟೆಗೆ ನಡುಪೇಟೆಯ ಕಟ್ಟೆಯ ಮೇಲೆ ನಿಂತಿರುತ್ತೇನೆ. ಬಂದವರು ನಾನು ಸಾರಿ ಮುಗಿಸುವ ತನಕ ಕಾಯಬೇಕು.